ಕಾರಿನ ತಾಮ್ರದ ಜಡೆ

ನನಗಾಗ ಮೂವತ್ತು ವರ್ಷ. ಅದಾಗಿ ನಲವತ್ತೈದು ವರ್ಷ ಸಂದಿವೆ. ಇವತ್ತು ಮಧ್ಯಾಹ್ನ ಸೊಸೆ ಮಿಕ್ಸಿ ತಿರುಗಿಸಿದಾಗ ದೇವರ ಮನೆಯ ಬಲ್ಬು ಒಂದು ಕ್ಷಣ ಕಣ್ಣು ಸಣ್ಣದು ಮಾಡಿ ಮತ್ತೆ ತೆರೆಯಿತು. ಅಡುಗೆಮನೆಯ ಸುದ್ದಿಯನ್ನು ಅಲ್ಲಿಗೆ ಯಾರು ಮುಟ್ಟಿಸಿದರು ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ನಾನು ಕೇಳಿಕೊಳ್ಳುತ್ತೇನೆ, ಏಕೆಂದರೆ ಒಂದಾನೊಂದು ಕಾಲದಲ್ಲಿ ಒಂದು ಕಾರಿಗೆ ಹುಚ್ಚು ಹಿಡಿಸಿದವಳು ನಾನು.

ಅಳವಂಡಿಯ ಸಾಹುಕಾರರ ಕಾರಿಗೆ ನಮ್ಮವರು ಡ್ರೈವರು. ವಿರೂಪಾಪುರಗಡ್ಡೆಯ ಗದ್ದೆಯಲ್ಲಿ ಮೊಣಕಾಲುದ್ದ ಕೆಸರು ತುಳಿಯುತ್ತಿದ್ದವರು ಬ್ರೇಕು ತುಳಿಯುವ ಕೆಲಸಕ್ಕೆ ಬಂದು ಮೂರು ವರ್ಷವಾಗಿತ್ತು. ಮಹಾನವಮಿ ಬಂತು. ಆ ಹಬ್ಬಕ್ಕೆ ನಮ್ಮ ಕಡೆ ಮನೆಯ ಕಬ್ಬಿಣವೆಲ್ಲ ಮೈ ತೊಳೆದುಕೊಂಡು ಪೂಜೆಗೆ ಕೂರುತ್ತದೆ. ಚಕ್ಕಡಿಯ ಗಾಲಿಗೆ ಬಳಿದು ಉಳಿದ ಕೆಂಪು ಬಣ್ಣ ಅರ್ಧ ಡಬ್ಬಿ ಇತ್ತು. ಪೂಜೆಗೆಂದು ನಮ್ಮ ಅಂಗಳದಲ್ಲಿ ನಿಂತಿದ್ದ ಕಾರು ಮಾತ್ರ ಏನು ಪಾಪ ಮಾಡಿತ್ತು ಎಂದುಕೊಂಡು ಅದರ ಬಾನೆಟ್ಟು ಎತ್ತಿದೆ. ಒಳಗೆ ಎಂಜಿನ್ನಿನಿಂದ ಕಾರಿನ ಮೈಗೆ ಬೋಲ್ಟು ಹಾಕಿ ಬಿಗಿದ, ಕಿಲುಬು ಹಿಡಿದ ತಾಮ್ರದ ಜಡೆಯೊಂದು ಕಂಡಿತು. ಹೆಂಗಸಿನ ಕೈ ಜಟೆಗಟ್ಟಿದ ಜಡೆ ಕಂಡು ಸುಮ್ಮನಿರುವುದೇ, ನೀವೇ ಹೇಳಿ. ಬೋಲ್ಟು ತಿರುಗಿಸುವ ಪಾನಾ ತಂದು ಬಿಚ್ಚಿದೆ. ಹುಣಸೆಹಣ್ಣು, ಬೂದಿ ಹಾಕಿ ತಂಬಿಗೆಯಂತೆ ತಿಕ್ಕಿ ಬೆಳಗಿದೆ. ಅದು ಕೂರುವ ಜಾಗಕ್ಕೆ ಎರಡು ಕೈ ಬಣ್ಣ ಬಳಿದು, ಒಣಗಿದ ಮೇಲೆ ಮತ್ತೆ ಬಿಗಿದೆ. ಅಂಥ ಚಂದದ ಜಡೆ ನನ್ನ ಮದುವೆಯಲ್ಲೂ ನನಗಿರಲಿಲ್ಲ.

ಹಬ್ಬ ಮುಗಿದದ್ದೇ ಕಾರಿಗೆ ಮತಿಭ್ರಮಣೆ. ಬ್ರೇಕು ತುಳಿದರೆ ಬದಿಯ ದೀಪ ಮಿಣುಕುವುದು, ದೀಪ ಹಾಕಿದರೆ ಹಾರ್ನು ತಾಯಿಯನ್ನು ಅಗಲಿದ ಕರುವಿನಂತೆ ನರಳುವುದು, ಹಾರ್ನು ಒತ್ತಿದರೆ ಪೆಟ್ರೋಲಿನ ಮುಳ್ಳು ಕುಣಿಯುವುದು. ಸಂಜೆಯ ಮಬ್ಬಿನಲ್ಲಿ, ಜೋಳದ ಹೊಲಗಳ ನಡುವೆ, ಯಾರನ್ನೂ ಕೇಳದೆ ಮಿಣುಕುತ್ತ ಗೊಣಗುತ್ತ ಬರುವ ಆ ಕಾರು ನಿದ್ದೆಯಲ್ಲಿ ಮಾತಾಡುತ್ತ ನಡೆದುಬರುವ ಮನುಷ್ಯನಂತೆ ಕಾಣುತ್ತಿತ್ತು. ಸುಳ್ಳೇಕೆ, ನನಗೆ ಅದು ಚಂದವೇ ಅನಿಸಿತ್ತು.

ಊರಿಗೆ ಅನಿಸಲಿಲ್ಲ. ಪಕ್ಕದ ಮನೆಯ ನಿಂಗವ್ವ ಕಟ್ಟೆಯ ಮೇಲಿನಿಂದಲೇ ನಮ್ಮವರಿಗೆ ಕೂಗಿದಳು: "ಏ ಹನುಮಪ್ಪ, ದೀಪಾ ಹಚ್ಚಿದ್ರ ಬಾಯಿ ಬಿಡ್ತೈತಲ್ಲೋ ನಿನ್ನ ಗಾಡಿ! ಹೇಣ್ತಿ ಕಡೆ ಸಾಲಿ ಕಲ್ತೈತೇನು?"

ಗಂಗಾವತಿಯ ಮಿಸ್ತ್ರಿಯೊಬ್ಬ ಬಂದು ಬಲ್ಬು ಬದಲಿಸಿದ, ಸ್ವಿಚ್ಚು ಬದಲಿಸಿದ, ಹಾರ್ನನ್ನೂ ಬದಲಿಸಿದ. ಹೊಸ ಹಾರ್ನು ಹಳೆಯದಕ್ಕಿಂತ ಛಲೋ ನರಳಿತು. ಸಾಹುಕಾರರು ಹೇಳಿ ಕಳಿಸಿದರು: "ಸೋಮಾರದೊಳಗ ಗಾಡಿ ನೆಟ್ಟಗಾಗಲಿಲ್ಲಂದ್ರ ಕೀಲಿ ಇಟ್ಟು ಹೋಗು ಅನ್ರಿ ಅವಗ." ಕೀಲಿ ಇಟ್ಟರೆ ಮತ್ತೆ ಗಡ್ಡೆಯ ಕೆಸರೇ ಗತಿ.

ಆ ವಾರ ನಮ್ಮ ಮನೆಯ ಮಾತೂ ಕೆಟ್ಟಿತು. ಜಡೆ ಬಿಚ್ಚಿದ್ದು ನನಗೆ ನೆನಪಿತ್ತು, ಹೇಳಲಿಲ್ಲ. ಅವರು ಏನೋ ಕೇಳಲು ಬಾಯಿ ತೆರೆದು ಸಾರಿನ ಉಪ್ಪಿಗೆ ಬೈದರು. ನಾನು ಉಪ್ಪಿಗೆ ಉತ್ತರ ಕೊಡದೆ ಎಮ್ಮೆಗೆ ಎರಡು ಬಿಗಿದೆ.

ಭಾನುವಾರ ಸಂಜೆ ಕುಷ್ಟಗಿಯಿಂದ ಮುದುಕ ಮಿಸ್ತ್ರಿ ಮಹಬೂಬಸಾಬರು ಬಸ್ಸಿಳಿದು ಬಂದರು. ಕೈಯಲ್ಲಿ ಎರಡು ವೈರು ಕಟ್ಟಿದ ಸಣ್ಣದೊಂದು ಬಲ್ಬು, ಅಷ್ಟೇ. ಕಾರಿನ ದೀಪ ಹಾಕಿಸಿ, ಒಂದು ವೈರನ್ನು ತಾವು ಬ್ಯಾಟರಿಗೆ ಹಿಡಿದು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು.

"ಎಂಜಿನ್ನಿಗೆ ಮುಟ್ಸು ತಂಗಿ."

ಮುಟ್ಟಿಸಿದೆ. ಬಲ್ಬು ಬೆಳ್ಳಗೆ ನಕ್ಕಿತು.

"ಈಗ ಗಾಡಿ ಮೈಗೆ."

ಬಾಗಿಲ ಸಂದಿಯ ಬೋಲ್ಟಿಗೆ ಮುಟ್ಟಿಸಿದೆ. ಬಲ್ಬು ನಿದ್ದೆಗಣ್ಣಿನಂತೆ ಕೆಂಪಗೆ ಮಂಕಾಯಿತು.

"ನೋಡವಾ, ದೀಪಕ್ಕ, ಹಾರ್ನಿಗೆ, ಎಲ್ಲಾಕ್ಕೂ ಕರೆಂಟ್ ಹೋಗೂ ದಾರಿ ಬ್ಯಾರೆ ಬ್ಯಾರೆ. ವಾಪಸ್ ಬರೂ ದಾರಿ ಒಂದ, ಈ ಕಬ್ಬಿಣದ ಮೈ. ಅಲ್ಲಿಂದ ಎಂಜಿನ್ನಿಗೆ ಬರೂ ಬಾಗಿಲಾ ಯಾರೋ ಮುಚ್ಯಾರ. ಪಾಪ, ಅದು ಮಂದಿ ಮನಿ ಹೊಕ್ಕು ದಾರಿ ಹುಡಕ್ತೈತಿ." ಬಗ್ಗಿ ಜಡೆಯ ಬುಡ ನೋಡಿದರು. "ಇದರ ಬುಡಕ ಬಣ್ಣ ಹಚ್ಚಿದವ್ರು ಯಾರು?"

"ನಾನ ರೀ, ಚಾಚಾ," ಎಂದರು ನಮ್ಮವರು, ನನ್ನ ಕಡೆ ನೋಡದೆ.

ಬಣ್ಣ ಹಚ್ಚಿದ ಕೈ ಯಾರದೆಂದು ಅವರಿಗೆ ಮೊದಲೇ ಗೊತ್ತಿತ್ತು. ವಾರವಿಡೀ ಅದನ್ನು ಗಂಟಲಲ್ಲಿಟ್ಟುಕೊಂಡು ಉಪ್ಪಿನ ಮೇಲೆ ಹಾಕಿದ್ದರು.

"ಸುಳ್ಳು ಹೇಳಬ್ಯಾಡ್ರಿ. ಹಚ್ಚಿದಾಕಿ ನಾನು. ಎರಡು ಕೈ ಹಚ್ಚೀನಿ."

"ಇಬ್ಬರ ಬಾಯಾಗೂ ಬಣ್ಣ ಮೆತ್ತಿತ್ತೇನು? ಮೊದಲ ಹೇಳಿದ್ರ ನಾ ಕುಷ್ಟಗ್ಯಾಗ ಆರಾಮ ಚಾ ಕುಡ್ಕೊಂತ ಕುಂದರತಿದ್ನೆಲ್ಲಾ!"

ಹಬ್ಬದಲ್ಲಿ ಪೂಜೆಗೊಂಡ ಕುಡುಗೋಲಿನ ತುದಿಯಿಂದಲೇ, ಬಿಳಿ ಕಬ್ಬಿಣ ಕಾಣುವ ತನಕ ಆ ಬಣ್ಣ ಕೆರೆದು ತೆಗೆದೆ. ಜಡೆ ಬಿಗಿದದ್ದೇ ತಡ, ಎಲ್ಲ ದೀಪಗಳೂ ಎಚ್ಚರಾದವು. ಹಾರ್ನು, ಕೇಳದೆ ಮಾತಾಡುವುದನ್ನು ಬಿಟ್ಟಿತು. ಮಿಣುಕುವ ಆ ಚಂದವೂ ಅಲ್ಲಿಗೆ ಹೋಯಿತು, ಹೋದರೆ ಹೋಗಲಿ.

ಮಿಕ್ಸಿಗೆ ಬಲ್ಬು ಕಣ್ಣು ಸಣ್ಣದು ಮಾಡುವುದು ರೋಗವಲ್ಲ. ಒಂದೇ ಸೂರಿನಡಿ ಇರುವವರಿಗೆ ಒಬ್ಬರ ಭಾರ ಇನ್ನೊಬ್ಬರಿಗೆ ಅಷ್ಟಾದರೂ ತಾಗಬೇಕು. ಬಲ್ಬು ನರಳಿದ ದಿನ ನೋಡಿಕೊಂಡರಾಯಿತು. ಕುಡುಗೋಲು ಇನ್ನೂ ಇದೆ.

ಅಂದು ಜಡೆ ಬಿಗಿದ ಮರುದಿನ, ಸೋಮವಾರ ಮುಂಜಾನೆ, ಕೀಲಿ ಹಿಡಿದು ಹೊರಟ ನಮ್ಮವರನ್ನು ಹೊಸ್ತಿಲಲ್ಲಿ ತಡೆದು, ಒಂದು ತುತ್ತು ರೊಟ್ಟಿ-ಪಲ್ಯ ಬಾಯಿಗಿಟ್ಟು, "ಉಪ್ಪು ಹೆಚ್ಚೋ ಕಡಿಮ್ಯೋ, ಈಗ ಹೇಳ್ರಿ," ಎಂದೆ. ಅಗಿದು ನುಂಗಿ, "ಹೆಚ್ಚಾಗೇತಿ," ಎಂದರು. ಸ್ವಲ್ಪ ಹೊತ್ತಿಗೆ ಸಾಹುಕಾರರನ್ನು ಕೂರಿಸಿಕೊಂಡು ಕೊಪ್ಪಳಕ್ಕೆ ಹೊರಟ ಕಾರು ನಮ್ಮ ಬಾಗಿಲ ಮುಂದೆ ಒಮ್ಮೆ ಹಾರ್ನು ಹೊಡೆಯಿತು. ನಾನು ಒಳಗೆ ಹೋಗಿ ಪಲ್ಯಕ್ಕೆ ಇನ್ನೊಂದು ಬದನೆಕಾಯಿ ಹೆಚ್ಚಿ ಹಾಕಿದೆ.