ಸೊಸೆಯ ಸೀರೆ ಹೊದ್ದ ಪಂಡಿತ

ಕೊಳ್ಳೇಗಾಲದ ಕಾಲೇಜೊಂದರ ಅಂಗಳದಲ್ಲಿ, ನೆತ್ತಿ ಸುಡುವ ಬಿಸಿಲಿನ ಹೊತ್ತಿನಲ್ಲಿ, ಸೊಸೆಯ ಹಳೆಯ ನೂಲಿನ ಸೀರೆಯನ್ನು ಹೆಗಲ ತುಂಬ ಹೊದ್ದು ನಾನು ಕುಳಿತುಕೊಳ್ಳಬೇಕಾಯಿತು. ನನಗಾದ ಅನ್ಯಾಯ ಇದು. ಮೊದಲೇ ಹೇಳಿಬಿಟ್ಟರೆ ಮನಸ್ಸಿಗೆ ಹಗುರ. ತಂಗಿಯ ಮದುವೆಯ ಪಂಕ್ತಿಯಲ್ಲಿ ನನ್ನೊಬ್ಬನ ಎಲೆಯನ್ನು ದಾಟಿ ಪಾಯಸದ ಬಕೆಟ್ಟನ್ನು ಮುಂದಕ್ಕೊಯ್ದವನ ಮುಖವನ್ನು ಇಂದಿಗೂ ಮರೆಯದ ನಾನು ಇದನ್ನು ಮರೆತೇನೆಂದು, ಮಿತ್ರರೇ, ನೀವು ಆಶಿಸಬೇಡಿ.

ಸೊಸೆ ಬಂಡಳ್ಳಿಯ ಹುಡುಗಿ. ಮನೆಯಲ್ಲೇ ಕುಳಿತು ಮುಕ್ತ ವಿಶ್ವವಿದ್ಯಾಲಯದ ಮೂಲಕ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಳೆ; ಪರೀಕ್ಷೆಯ ಕೇಂದ್ರ ಈ ಕಾಲೇಜು. ಅವಳ ಎಳೆಗೂಸಿಗೆ ತಾಯಿಯ ಹಾಲಿನ ಹೊರತು ಜಗತ್ತಿನ ಯಾವ ಪದಾರ್ಥದಲ್ಲೂ ನಂಬಿಕೆಯಿಲ್ಲ. ಮಗನಿಗೆ ಹನೂರಿನಲ್ಲಿ ನೌಕರಿ, ನನ್ನ ಹೆಂಡತಿಗೆ ಮಂಡಿನೋವು. ಹೀಗಾಗಿ ಪರೀಕ್ಷೆಯ ದಿನ ಯಳಂದೂರಿನಿಂದ ಬಸ್ಸು ಹತ್ತಿ ಮೊಮ್ಮಗಳನ್ನು ಕಾಯುವ ಹೊಣೆ ನಿವೃತ್ತ ಕನ್ನಡ ಪಂಡಿತನ ಪಾಲಿಗೆ ಬಂತು.

ಪರೀಕ್ಷೆಗೆ ಮುನ್ನ ಕೂಸಿಗೆ ಹಾಲೂಡಿಸಬೇಕಿತ್ತು. 'ಮಹಿಳಾ ವಿಶ್ರಾಂತಿ ಕೊಠಡಿ' ಎಂಬ ಫಲಕ ಅಂದವಾದ ಅಕ್ಷರಗಳಲ್ಲಿತ್ತು. ಅದರ ಕೆಳಗೆ ಬೀಗವೂ ಇತ್ತು. ಕಿಟಕಿಯಲ್ಲಿ ಇಣುಕಿದೆ. ವಾರ್ಷಿಕೋತ್ಸವದ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮಡಿಲಲ್ಲೊಂದು ಕುಳಿತು ಸುಖವಾಗಿ ವಿಶ್ರಮಿಸುತ್ತಿದ್ದವು.

"ಬೀಗದ ಕೈ ಪ್ರಿನ್ಸಿಪಾಲ್ ಸಾಹೇಬ್ರ ತಾವ ಅದ ಸಾ. ಅವ್ರು ಮೀಟಿಂಗ್‌ಗೆ ಓಗವ್ರೆ," ಎಂದ ಕಾವಲುಗಾರ ಮಾದೇವ. "ಸ್ಕೂಟರ್ ನಿಲ್ಸೋ ತಾವ ಯಾರೂ ನೋಡಕಿಲ್ಲ, ಅಲ್ಗೋಗಿ."

ಎರಡು ಸ್ಕೂಟರುಗಳ ನಡುವೆ ಸೊಸೆ ಕುಳಿತಳು. ಕೂಸಿಗೆ ಹಾಸಲೆಂದು ತಂದಿದ್ದ ಆ ಹಳೆಯ ಸೀರೆಯನ್ನೇ ನಾನು ಪರದೆಯಾಗಿ ಹಿಡಿದು ಬೆನ್ನು ತಿರುಗಿಸಿ ನಿಂತೆ. ಕೊಳ್ಳೇಗಾಲದಲ್ಲಿ ಸೀರೆಯೆಂದರೆ ರೇಷ್ಮೆ. ನನ್ನ ಕೈಯಲ್ಲಿದ್ದದ್ದು ಒಗೆದು ಒಗೆದು ಬಣ್ಣ ಬಿಟ್ಟಿದ್ದರೂ ಹಾಲಿನ ವಾಸನೆ ಬಿಡದ ನೂಲು. ಪರೀಕ್ಷೆಗೆ ಒಳಹೋಗುವಾಗ ಸೊಸೆ, "ಕೂಸು ಅತ್ರೆ ಈ ಸೀರೆ ಒದ್ಕಂಡು ಎತ್ಕಳಿ ಮಾವ, ಸುಮ್ನಾಯ್ತಳೆ," ಎಂದಳು. ಈ ಸಲಹೆಯನ್ನು ನನಗಾದ ಅವಮಾನಗಳ ಸಾಲಿಗೆ ಸೇರಿಸಿ, ಸೀರೆಯನ್ನು ನೀಟಾಗಿ ಮಡಿಸಿ ಚೀಲದ ತಳಕ್ಕಿಟ್ಟೆ.

ಕೂಸು ಅತ್ತಿತು. ಅಂಗಳದಲ್ಲಿ ನೆರಳಿದ್ದದ್ದು ಪರೀಕ್ಷಾ ಕೊಠಡಿಯ ಕಿಟಕಿಯ ಬಳಿಯ ಹೊಂಗೆಮರದ ಕೆಳಗೆ ಮಾತ್ರ, ಕಿಟಕಿಯೋ ತೆರೆದಿತ್ತು. ಒಮ್ಮೆ ಹೊರಬಂದವರನ್ನು ಮತ್ತೆ ಒಳಗೆ ಬಿಡುವುದಿಲ್ಲವೆಂಬ ನಿಯಮ. ಅಳು ಕೇಳಿ ತಾಯಿ ಎದ್ದು ಬಂದಳೋ, ಅವಳ ಒಂದು ವರ್ಷದ ಓದು ಮಣ್ಣುಪಾಲು. ನಾನು ಷಟ್ಪದಿ ಹಾಡಿದೆ, ಅಳು ಜೋರಾಯಿತು. ಕಂದಪದ್ಯಕ್ಕೆ ಇಳಿದೆ, ಕಂದಮ್ಮ ಕೆಂಪೇರಿದಳು. ನನ್ನ ತರಗತಿಯ ಮಕ್ಕಳಿಗೂ ಹೀಗೆಯೇ ಆಗುತ್ತಿದ್ದಿರಬೇಕು. ಪಾಪ, ಹಾಜರಾತಿಯ ಭಯಕ್ಕೆ ಸಹಿಸಿಕೊಂಡಿದ್ದರು.

ಕೊನೆಗೆ ಸುತ್ತಲೂ ನೋಡಿ ಚೀಲದ ತಳಕ್ಕೆ ಕೈಹಾಕಿದೆ. ಸೀರೆ ಹೆಗಲೇರಿದ್ದೇ ತಡ, ಕೂಸು ಅದರಲ್ಲಿ ಮೂಗು ಹುದುಗಿಸಿ, ನನ್ನ ಜುಬ್ಬದ ಗುಂಡಿಯನ್ನು ಒಂದೆರಡು ಸಲ ಚೀಪಿ, ಮೋಸ ತಿಳಿದರೂ ಕ್ಷಮಿಸಿ ನಿದ್ದೆಹೋಯಿತು. ಆ ಗುಣ ಅದಕ್ಕೆ ನನ್ನ ಕಡೆಯಿಂದ ಬಂದದ್ದಲ್ಲ.

"ಏನ್ ಸಾ, ಚಳಿಯಾ?" ಎಂದ ಮಾದೇವ, ಹಾದುಹೋಗುತ್ತ.

"ಹೌದಪ್ಪ," ಎಂದೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

ಸೊಸೆ ಹೊರಬಂದಾಗ ಎದೆಗೆ ಫೈಲು ಅವುಚಿಕೊಂಡಿದ್ದಳು. ಅದರ ಅಂಚೂ ಹಾಲಿನಿಂದ ಒದ್ದೆ. "ಅಳು ಕೇಳುಸ್ತು ಮಾವ. ಎದ್ದು ನಿಂತ್ಬುಟ್ಟಿದ್ದೆ. ಅಷ್ಟ್ರಲ್ಲಿ ಅಳು ನಿಂತೋಯ್ತು, ಕೂತ್ಕಂಡು ಬರದೆ." ನಾನು ಸೀರೆ ತೆಗೆಯುವುದನ್ನೇ ಮರೆತಿದ್ದೆ. ಅವಳು ನೋಡಿದಳು, ನಗಲಿಲ್ಲ. ಆ ಉಪಕಾರವನ್ನೂ ನಾನು ಮರೆಯುವವನಲ್ಲ.

ನಿವೃತ್ತಿಯ ದಿನ ನನಗೆ ಹೊದಿಸಿದ ಜರಿಯಂಚಿನ ಶಾಲು ಪೆಟ್ಟಿಗೆಯಲ್ಲಿದೆ. ಅದನ್ನು ಹೊದ್ದು ನಾನು ಯಾರಿಗೂ ಇಷ್ಟು ಪ್ರಯೋಜನಕ್ಕೆ ಬಂದದ್ದು ನೆನಪಿಲ್ಲ. ಸೀರೆಯನ್ನು ಮಾತ್ರ ಗೂಟಕ್ಕೆ ತಗುಲಿಹಾಕಿದ್ದೇನೆ; ವಾಸನೆ ಹೋದೀತೆಂದು ಒಗೆಯಲೂ ಬಿಟ್ಟಿಲ್ಲ. ಸೋಮವಾರ ಸೊಸೆಗೆ ಇನ್ನೊಂದು ಪತ್ರಿಕೆಯ ಪರೀಕ್ಷೆಯಿದೆ. ಬೀಗದ ಕೈಯ ಒಡೆಯರಾದ ಸಾಹೇಬರೇ, ಕುರ್ಚಿಗಳನ್ನು ಎಬ್ಬಿಸಿ ಆ ಕೋಣೆಯನ್ನು ತಾಯಂದಿರಿಗೆ ಬಿಟ್ಟುಕೊಡುತ್ತೀರೋ, ಇಲ್ಲ ನಾನು ಇದೇ ಸೀರೆ ಹೊದ್ದು ಕೂಸಿನ ಸಮೇತ ನಿಮ್ಮ ಮೀಟಿಂಗಿಗೇ ಬಂದು ಕೂರಲೋ?