ತಮ್ಮನ ಬೈಕಿನಲ್ಲಿ ನನ್ನ ದನಿ

ಸ್ನೇಹಿತರೇ, ನಾಳೆ ಬೈಕಿನಲ್ಲಿ ಊಟಿಗೆ ಹೊರಡಲಿರುವ ನನ್ನ ತಮ್ಮ ನಾಗರಾಜ, ಅದಕ್ಕೆ ಆಂಪ್ಲಿಫೈಯರನ್ನೂ ಎರಡು ಸ್ಪೀಕರುಗಳನ್ನೂ ಹಾಕಿಸಲು ಗುಂಡ್ಲುಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ನಯಾಜನ ಅಂಗಡಿಗೆ ಹೋಗಿದ್ದ. ತಮ್ಮನ ಫೋನನ್ನು ಬೈಕಿಗೆ ಜೋಡಿಸಿ, ನಯಾಜ ಬೆಳಗಿನಿಂದ ವೈರು ಬದಲಿಸುತ್ತಿದ್ದರೂ ಸ್ಪೀಕರುಗಳು ಉಸಿರೆತ್ತಿರಲಿಲ್ಲವಂತೆ. ಇದನ್ನರಿಯದ ನಾನು ಮಧ್ಯಾಹ್ನ ಚಾಮರಾಜನಗರದಿಂದ ಕರೆ ಮಾಡಿ, "ಬಿ.ಪಿ. ಮಾತ್ರೆ ನುಂಗಿದೆಯೇನೋ, ಮರೆಗುಳಿ?" ಎಂದು ಗದರಿದೆ.

"ಅಕ್ಕಾ, ನಿನ್ ದನಿ ಬೀದಿಗೆಲ್ಲ ಕೇಳ್ತಾ ಅದೆ! ಫೋನ್ ಮಡುಗು!" ಎಂದು ತಮ್ಮ ಅಂಗಲಾಚಿದ.

ಹಿಂದಿನಿಂದ ನಯಾಜ ಕೂಗಿದ: "ಮಡಗಬ್ಯಾಡಿ ಟೀಚರ್! ಬಲಗಡೇದು ಬಂತು. ಇನ್ನೂ ವಸಿ ಬಯ್ತಾ ಇರಿ, ಎಡಗಡೇದೂ ನೋಡ್ಬುಡ್ತೀನಿ!"

ವಿದ್ಯಾರ್ಥಿಯ ಕೋರಿಕೆಯನ್ನು ತಳ್ಳಿಹಾಕಲಾದೀತೇ? ಎಡಗಡೆಯದೂ ಮಾತನಾಡುವವರೆಗೆ ಬೈದೆ. ತಮ್ಮ ಅಲ್ಲಿಯೇ ಮಾತ್ರೆ ನುಂಗಿದನಂತೆ.

ಸೇವಾವಧಿಯುದ್ದಕ್ಕೂ ಮೈಕಿಲ್ಲದೆ ಪಾಠ ಮಾಡಿದವಳಿಗೆ ಈ ಸೌಕರ್ಯ ಕೊಂಚ ತಡವಾಗಿ ಒದಗಿತು.