ಗೂಗಲ್ ಮಡುವಿನ ನೌಕೆಯಲ್ಲಿ ಹನುಮಂತ್ರಾಯರು

ನದಿಮೀನುಗಳ ಅಧ್ಯಯನವೆಂದರೆ ಸಂತೆಯ ಬುಟ್ಟಿಗೆ ಬಂದು ಬಿದ್ದ ಮೀನನ್ನು ಅಳೆದು ತೂಗಿ ನೋಡುವುದಷ್ಟೇ ಎಂದು ನಮ್ಮ ಸೀಮೆಯಲ್ಲಿ ತಿಳಿದಿದ್ದ ಕಾಲದಲ್ಲಿ, ಮೀನು ಬದುಕುವಲ್ಲಿಗೇ ಹೋಗಿ ತಾವೂ ಅಲ್ಲಿ ಬದುಕಿ ನೋಡಬೇಕೆಂದು ಹಟ ಹಿಡಿದವರು ಶ್ರೀ ಹನುಮಂತ್ರಾಯರು. ಈ ವರ್ಷ, ೧೯೮೮ರಲ್ಲಿ, ರಾಯಚೂರಿನ ನದಿಜೀವಿ ಅಧ್ಯಯನ ಕೇಂದ್ರದಿಂದ ನಿವೃತ್ತರಾಗುತ್ತಿರುವ ಅವರನ್ನು ವಿದ್ವಾಂಸರು ಅವರ ಪ್ರಬಂಧಗಳಿಂದ ಬಲ್ಲರು. ದೇವದುರ್ಗದ ಕಡೆಯ ಹೊಳೆದಂಡೆಯ ಜನ ಅವರ ನೌಕೆಯಿಂದ ಬಲ್ಲರು.

ಅವರು ಹುಟ್ಟಿದ್ದು ಗುಂಜಹಳ್ಳಿಯ ಒಕ್ಕಲುತನದ ಮನೆಯಲ್ಲಿ. ಈಜು ಕಲಿತದ್ದು ಹೊಲದ ಬಾವಿಯಲ್ಲಿ. ಕೃಷ್ಣೆಯನ್ನು ಮೊದಲು ಕಂಡಾಗ, ಇಷ್ಟು ನೀರು ಯಾರೂ ಸೇದದೆ ತಾನಾಗಿಯೇ ಎಲ್ಲಿಗೆ ಹೊರಟಿದೆ ಎಂದು ಬೆರಗಾದರಂತೆ. ಆ ಬೆರಗು ಅವರನ್ನು ಬಿಡಲಿಲ್ಲ. ೧೯೭೪ರಲ್ಲಿ ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಯ ಬಳಿ, ಕೃಷ್ಣೆಯ ಆಳವಾದ ಮಡುವಿಗೆ ಕೇಂದ್ರದ ಪುಟ್ಟ ಸಂಶೋಧನಾ ನೌಕೆ ಬಂದಿಳಿದಾಗ, ಅದರ ಹೊಣೆ ಹೊರಲು ತಾವಾಗಿ ಮುಂದೆ ಬಂದವರು ಅವರೊಬ್ಬರೇ.

ನಾಲ್ಕು ಬಂಡಿ ಸಾಲಾಗಿ ನಿಂತಷ್ಟು ಉದ್ದದ ನೌಕೆ ಅದು. ಎರಡು ಕಿರುಕೋಣೆ, ಒಂದು ಒಲೆ, ಗಾಜಿನ ಸೀಸೆಗಳ ಒಂದು ಕಪಾಟು, ಮಲಗಿದರೆ ಬೆನ್ನ ಕೆಳಗೇ ಹೊಳೆಯ ಪಿಸುಮಾತು. ಅಷ್ಟು ಇಕ್ಕಟ್ಟಿನಲ್ಲಿ ತಿಂಗಳುಗಟ್ಟಲೆ ಬಾಳಬೇಕಾದರೆ ಕಟ್ಟಳೆಗಳಿರಬೇಕೆಂದು ಹನುಮಂತ್ರಾಯರು ಮೊದಲ ದಿನವೇ ಅರಿತರು. ಚಪ್ಪಲಿ ದಂಡೆಯಲ್ಲೇ ಉಳಿಯಬೇಕು. ಹೊಳೆಗೆ ಸಾಬೂನಿನ ನೀರು ಬೀಳಕೂಡದು, ಹುಣಸೆಬೀಜ ಸಹ ಎಸೆಯಕೂಡದು. ಅಡುಗೆ ಸರದಿಯಂತೆ ಎಲ್ಲರದೂ. ಕೊನೆಯವರು ಬಂದು ಕೂಡುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ. ಇಬ್ಬರಿಗೆ ಮನಸ್ತಾಪವಾದರೆ ಇಬ್ಬರೂ ದಂಡೆಗಿಳಿದು, ಜಗಳ ಅಲ್ಲಿಯೇ ಮುಗಿಸಿ ಹತ್ತಬೇಕು. ಎಂಜಿನ್ ನಡೆಸುವ ಶಾಮೀದಸಾಬರೂ ಹರಿಗೋಲು ಹಾಕುವ ಗೂಗಲ್‌ನ ಗದ್ದೆಪ್ಪನೂ ಉಪ್ಪಿನ ಸಲುವಾಗಿ ಹಾಗೆ ಒಮ್ಮೆ ಇಳಿದುಹೋಗಿ, ಜಗಳ ಮರೆತು, ಕಲ್ಲಂಗಡಿ ಹೊತ್ತುಕೊಂಡು ಬಂದದ್ದುಂಟು. ತಮ್ಮ ಸರದಿಯ ದಿನ ಹನುಮಂತ್ರಾಯರು ಬಡಿಯುತ್ತಿದ್ದ ದಪ್ಪ ರೊಟ್ಟಿಯನ್ನು ಯಾರೂ ಆಡಿಕೊಳ್ಳಬಾರದೆಂಬುದು ಮಾತ್ರ ಉಳಿದವರು ತಮ್ಮೊಳಗೆ ಮಾಡಿಕೊಂಡ ಕಟ್ಟಳೆ.

೧೯೭೯ರಲ್ಲಿ ಮಾನ್ವಿಯ ವಾಹಿದಾ ಎಂಬ ತರುಣಿ ಗೆಂಡೆಮೀನಿನ ಸಂಶೋಧನೆಗೆಂದು ಕೇಂದ್ರಕ್ಕೆ ಸೇರಿದಳು. ಹೆಣ್ಣುಮಗಳು ನೌಕೆಯಲ್ಲಿ ತಂಗುವುದೆಂತು ಎಂದು ಕಚೇರಿಯಲ್ಲಿ ಗುಸುಗುಸು ಎದ್ದಿತು. ಮಾನ್ವಿ ಬಜಾರಿನಲ್ಲಿ ಬಳೆಯಂಗಡಿ ನಡೆಸುತ್ತಿದ್ದ ಆಕೆಯ ತಾಯಿ ಸುಗ್ರಾ ಬೇಗಂ ನೇರವಾಗಿ ಗೂಗಲ್‌ಗೇ ಬಂದರು.

"ಮಗಳು ಇಲ್ಲಿ ಇರ್ತಾಳಂದ್ರ ಮೊದಲ ನಾ ನೋಡಬೇಕ್ರಿ, ಸಾಬ್."

"ನೋಡಿದ್ರ ಸಾಲಂಗಿಲ್ಲವ್ವಾ, ಇದ್ದು ನೋಡ್ರಿ," ಎಂದರು ಹನುಮಂತ್ರಾಯರು. ಒಂದು ಕೋಣೆಯನ್ನು ತಾಯಿ ಮಗಳಿಗೆ ಬಿಟ್ಟುಕೊಟ್ಟು, ತಾವು ಸೀಸೆಗಳ ನಡುವೆ ಹಾಸಿಕೊಂಡರು. ಮೂರನೆಯ ದಿನ ಸುಗ್ರಾ ಬೇಗಂ ಗಂಟು ಕಟ್ಟಿಕೊಂಡು ನಕ್ಕರು: "ನಮ್ಮ ಮನ್ಯಾಗೂ ಇಷ್ಟು ಕಾಯ್ದೆ ಇಲ್ಲ ನೋಡ್ರಿ. ಇರ್ಲಿ, ಹುಡುಗಿ ಇಲ್ಲೇ ಇರ್ಲಿ." ಆ ಕೋಣೆ ಅಂದಿನಿಂದ ವಾಹಿದಾಳದಾಯಿತು.

ಆಕೆಯ ಪ್ರಯೋಗವೇ ನೌಕೆಯ ಜೀವವಾಯಿತು. ನೌಕೆಯ ಪಕ್ಕೆಗೆ ಬಿದಿರಿನ ಚೌಕಟ್ಟು ಕಟ್ಟಿ, ಬಲೆಯ ಪಂಜರ ಇಳಿಬಿಟ್ಟು, ಹರಿಯುವ ನೀರಿನಲ್ಲೇ ಗೆಂಡೆಯ ಮರಿಗಳನ್ನು ಸಾಕುವುದು. ಹೀಗೆ ಸಾಕಲು ಬಂದರೆ ದಂಡೆಯ ಬೆಸ್ತರಿಗೆ ವರ್ಷವಿಡೀ ಮೀನು. ಗುರುತಿಗಾಗಿ ಮರಿಗಳ ಒಂದು ರೆಕ್ಕೆಯ ತುದಿಯನ್ನು ಕತ್ತರಿಸಲಾಗಿತ್ತು. ಪಂಜರಗಳಿರುವ ತನಕ ಎಂಜಿನ್ ಮುಟ್ಟಬಾರದೆಂಬ ಹೊಸ ಕಟ್ಟಳೆ ಬಂತು. ಮಳೆಗಾಲಕ್ಕೊಮ್ಮೆ ಹೊಸ ಮರಿಗಳನ್ನು ತುಂಬುತ್ತ ಎರಡು ಮಳೆಗಾಲ ಹಾಗೆಯೇ ಕಳೆದವು. ಸಂಜೆ ಹೊತ್ತು ಹನುಮಂತ್ರಾಯರು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೆ, ಕೆಳಗೆ ಮರಿಗಳ ಹಿಂಡು ಒಮ್ಮೆ ನೆರಳಾಗಿ, ಒಮ್ಮೆ ಬೆಳಕಾಗಿ ಹೊರಳುತ್ತಿತ್ತು. ನೌಕೆ ನಿಂತಲ್ಲೇ ಎತ್ತಲೋ ಸಾಗುತ್ತಿದೆ ಎನ್ನಿಸಿ ಅವರು ಊಟವನ್ನೇ ಮರೆಯುತ್ತಿದ್ದರು. ಉಳಿದವರು ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದರು.

೧೯೮೧ರ ಚಳಿಗಾಲದ ಒಂದು ಬೆಳಗು. ಹೊಳೆಯ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ವಾಹಿದಾ ನೀರಿನ ಮಾದರಿ ತರಲೆಂದು ಗದ್ದೆಪ್ಪನ ಹರಿಗೋಲಿನಲ್ಲಿ ಹೋಗಿದ್ದಳು. ಮೇಲ್ಗಡೆ ಎಲ್ಲೋ ಅಕಾಲದ ಮಳೆ ಬಿದ್ದಿರಬೇಕು, ನೌಕೆಯ ಹಗ್ಗಗಳು ಇದ್ದಕ್ಕಿದ್ದಂತೆ ಬಿಗಿದು ನರಳಿದವು. ಹೊಳೆ ಏರುತ್ತಿತ್ತು. ಕೂಗಿದರೆ ಉತ್ತರವಿಲ್ಲ, ಸ್ವಲ್ಪ ಹೊತ್ತಿನ ಮೇಲೆ ಕೇಳಿಸಿದ ಕೂಗು ಮಂಜಿನೊಳಗೆ ನಾಲ್ಕೂ ದಿಕ್ಕಿನಿಂದ ಬಂದಂತಿತ್ತು. ಕೆಳಗಡೆ ಬಂಡೆಗಳ ಸೆಳವು ಇತ್ತು. ಹರಿಗೋಲು ಅದಕ್ಕೆ ಸಿಕ್ಕರೆ ಉಳಿಯುವಂತಿರಲಿಲ್ಲ.

"ಎಂಜಿನ್ ಹಚ್ಚಿದ್ರ ಪಂಜರ ಚಕ್ರಕ್ಕ ಸಿಗ್ತಾವ್ರೀ," ಎಂದರು ಶಾಮೀದಸಾಬರು. "ಬಿಚ್ಚಾಕ ಭಾಳ ಹೊತ್ತು ಬೇಕು."

"ಬಿಚ್ಚೋದು ಬ್ಯಾಡ. ಕುಡಗೋಲು ಕೊಡ್ರಿ."

"ಎರಡು ವರ್ಷದ ಕೆಲಸ ಸಾಬ್!"

ಹನುಮಂತ್ರಾಯರು ಆಗಲೇ ಕುಡಗೋಲು ಕಸಿದುಕೊಂಡಿದ್ದರು. ಅಂಚಿನಲ್ಲಿ ಬೋರಲಾಗಿ ಮಲಗಿ ಮೊದಲು ಬಲೆಗಳನ್ನು ಉದ್ದಕ್ಕೆ ಸೀಳಿದರು, ಆಮೇಲೆ ಹಗ್ಗ ಕೊಯ್ದರು. ಬಲೆಯ ಬಾಯಿಂದ ಮರಿಗಳು ತುಳುಕಿದವು. ತಣ್ಣನೆಯ ಬೆಳ್ಳಿ ಅವರ ಮೊಣಕೈಗಳನ್ನು ಸವರುತ್ತ, ಎಷ್ಟು ಹೊತ್ತಾದರೂ ಮುಗಿಯದೆಂಬಂತೆ ಹರಿದುಹೋಯಿತು. ಅಂಥ ಹೊತ್ತಿನಲ್ಲೂ ಅದು ಎಷ್ಟು ಚೆಲುವಾಗಿತ್ತೆಂದು ತಮಗೇ ನಾಚಿಕೆಯಾಯಿತೆಂದು ಅವರು ಮುಂದೊಮ್ಮೆ ಹೇಳಿದ್ದುಂಟು.

ಅತ್ತ ಹರಿಗೋಲು ಸೆಳವಿನ ನೆತ್ತಿಯಲ್ಲಿ ಒಂದು ಬಂಡೆಗೆ ಒತ್ತಿಕೊಂಡು ನಿಂತಿತ್ತು. ಗದ್ದೆಪ್ಪ ಬಂಡೆಯ ಬಿರುಕಿನಲ್ಲಿ ಕೈಬೆರಳು ಸಿಕ್ಕಿಸಿ ಹಿಡಿದಿದ್ದ, ಬೆರಳು ಮರಗಟ್ಟುತ್ತಿದ್ದವು. ಆಗ ನೀರಿನಲ್ಲಿ ಪುಟ್ಟ ಮರಿಗಳು ಹಿಂಡುಹಿಂಡಾಗಿ ಹರಿಗೋಲನ್ನು ಬಳಸಿ ಹೋಗತೊಡಗಿದವು. ವಾಹಿದಾ ಬಗ್ಗಿ ನೋಡಿದಳು. ಪ್ರತಿ ಮರಿಯದೂ ಒಂದು ರೆಕ್ಕೆಯ ತುದಿ ಕತ್ತರಿಸಿದ್ದು. ಪಂಜರಗಳನ್ನು ಕೊಯ್ದಿದ್ದಾರೆಂದು ಆಕೆಗೆ ತಿಳಿಯಿತು.

"ಕೈ ಬಿಡಬ್ಯಾಡ ಗದ್ದೆಪ್ಪಣ್ಣ," ಎಂದಳಂತೆ. "ಸರ್ ಬರಾಕತ್ತಾರ."

ಎಂಜಿನ್ನಿನ ಸದ್ದು ಅದಾದ ಮೇಲೆ ಕೇಳಿಸಿತು.

ಇಬ್ಬರೂ ಬದುಕಿ ಬಂದರು. ಆದರೆ ಅಂದು ಮಧ್ಯಾಹ್ನ ವಾಹಿದಾ ಊಟಕ್ಕೆ ಬರಲಿಲ್ಲ. ಹರಿದ ಬಲೆಯ ಮುಂದೆ ಕೂತು, "ನನ್ನ ಸಲುವಾಗಿ ಎಲ್ಲಾ ಹಾಳಾತ್ರಿ," ಎಂದಳು. ಹನುಮಂತ್ರಾಯರು ಬಳಿಯಲ್ಲಿ ಕುಕ್ಕರುಗಾಲಲ್ಲಿ ಕೂತರು. "ಮೀನ ಹೊಳಿದು ಇತ್ತು, ಹೊಳಿಗೆ ಹೋತು. ನಿನ್ನ ಯಾರಿಗೆ ಕೇಳಿ ತರ್ಲೆವ್ವಾ? ಏಳು, ಅನ್ನ ಆರಾಕತ್ತದ." ಆಮೇಲೆ ಎಲ್ಲರೂ ಉಂಡರು.

ಮೇಲಿನ ಕಚೇರಿ ವಿವರಣೆ ಕೇಳಿತು. ಪ್ರಯೋಗವನ್ನು ಕೈಯಾರೆ ನಾಶಮಾಡಿದ್ದೇಕೆಂಬ ಪ್ರಶ್ನೆಗೆ ಹನುಮಂತ್ರಾಯರು, "ಹರಿಗೋಲಿನ್ಯಾಗ ಮಂದಿ ಇದ್ರು ಸರ್," ಎಂದಷ್ಟೇ ಹೇಳಿದರು. ಅವರಿಗೆ ಬರಬೇಕಿದ್ದ ಬಡ್ತಿ ಬಹುಕಾಲ ಬರಲಿಲ್ಲ. ಆ ಬಗ್ಗೆ ಅವರ ಬಾಯಿಂದ ಒಂದು ಬಿರುನುಡಿಯನ್ನೂ ಕೇಳಿದವರಿಲ್ಲ.

ಮರುವರ್ಷ ದೇವದುರ್ಗದ ಸಂತೆಗೆ ಬಂದ ಗೆಂಡೆಗಳಲ್ಲಿ ಅಲ್ಲೊಂದು ಇಲ್ಲೊಂದು ರೆಕ್ಕೆ ಮೋಟಾದ ಮೀನು ಸಿಗತೊಡಗಿತು. ಪಂಜರದಲ್ಲಿದ್ದುದಕ್ಕಿಂತ ಚೆನ್ನಾಗಿ ಮೈದುಂಬಿಕೊಂಡಿದ್ದವು. ವಾಹಿದಾ ಬೆಸ್ತರ ಮನೆಮನೆಗೆ ಅಲೆದು, ಮರಿಗಳನ್ನು ಸಾಕಿ ಹೊಳೆಗೆ ಬಿಡುವ ಬೇರೆಯೇ ಅಧ್ಯಯನವನ್ನು ಕಟ್ಟಿದಳು. ಇಂದು ಆ ನೌಕೆಯ ಹೊಣೆ ಡಾಕ್ಟರ್ ವಾಹಿದಾ ಅವರದು.

ಅವರ ನಿವೃತ್ತಿಗೆಂದು ಹೊರತರುತ್ತಿರುವ ಈ ಅಭಿನಂದನ ಸಂಪುಟದ ಸಮಿತಿಯವರು ಸನ್ಮಾನದ ದಿನ ಗೊತ್ತುಮಾಡಲು ಮೊನ್ನೆ ಹೋದಾಗ ಹನುಮಂತ್ರಾಯರು ಮನೆಯಲ್ಲಿರಲಿಲ್ಲ. ನೀರಮಾನ್ವಿಯ ಹತ್ತಿರ ಒಂದು ಹಳೆಯ ಕೆರೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಹೊಳೆಯದಾಯಿತು, ಇನ್ನು ಕೆರೆಗಳದು ನೋಡಬೇಕಂತೆ. ಶಾಲು ಹಾರದ ಮಾತು ತೆಗೆಯುತ್ತಲೇ, "ಅದು ಇರ್ಲಿ, ಬಲಿ ಈ ಕಡಿ ಒಂದೀಟು ಹಿಡೀರಿ," ಎಂದರು. ಮೂವರು ಹಿರಿಯರು ಧೋತರ ಎತ್ತಿಕಟ್ಟಿ ಕೆರೆಗಿಳಿದರು. ಆ ಬಲೆ ಇನ್ನೂ ಅನೇಕ ವರ್ಷ ಅವರ ಕೈಯಲ್ಲಿರಲಿ, ಆಯುಷ್ಯ ಆರೋಗ್ಯಗಳು ಅವರ ಕೆಲಸಕ್ಕೆ ಸಾಕಾಗುವಷ್ಟು ಒದಗಲಿ. ಸನ್ಮಾನದ ದಿನ ಮಾತ್ರ ಅಂದು ಗೊತ್ತಾಗಲೇ ಇಲ್ಲ. ಸಮಿತಿಯವರು ಒದ್ದೆ ಧೋತರದಲ್ಲಿ, ಎಳೆಯರಂತೆ ನಗುತ್ತ ರಾಯಚೂರಿನ ಬಸ್ಸು ಹತ್ತಿದರು.